ಎಕ್ಸ್‌ಟಿ ಪಿಸಿಗೆ ಯಾವ ಯುನಿಕ್ಸ್?

ತುಮಕೂರಿನ ಕಾಲೇಜುಗಳ ಸ್ಟೋರ್ ರೂಮಿನಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ ಈಗಲೂ ಅಪರೂಪಕ್ಕೆ 1980ರ ದಶಕದ ಐಬಿಎಂ ಎಕ್ಸ್‌ಟಿ ಮಾದರಿಯ ಹಳೆಯ ಪಿಸಿ ಸಿಗುತ್ತದೆ. ಧೂಳು ಒರೆಸಿ ಅದಕ್ಕೆ ಜೀವ ಕೊಟ್ಟ ಹುಡುಗರು ಮೊದಲು ಕೇಳುವುದು, "ಸರ್, ಇದಕ್ಕೆ ಲಿನಕ್ಸ್ ಹಾಕಬಹುದಾ?" ಹಾಕಲಾಗದು. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ 80386 ಪ್ರೊಸೆಸರಿಗಾಗಿ. ಎಕ್ಸ್‌ಟಿಯಲ್ಲಿರುವುದು ಅದಕ್ಕಿಂತ ಹಿಂದಿನ 8088; ವೇಗ 4.77 ಮೆಗಾಹರ್ಟ್ಸ್, ಮೆಮೊರಿ ಹೆಚ್ಚೆಂದರೆ 640 ಕೆಬಿ. ಹಾಗಂತ ನಿರಾಶರಾಗಬೇಕಿಲ್ಲ. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ವಂಶದ ಬೇರೆ ಆಪರೇಟಿಂಗ್ ಸಿಸ್ಟಂಗಳು ಅದರಲ್ಲಿ ಓಡುತ್ತವೆ. ಯಾವುದು ಎಂದರೆ ನನ್ನ ಆಯ್ಕೆ ಮಿನಿಕ್ಸ್.

ಮೆಮೊರಿ ಸಾಲದು ಎಂದು ಹೆದರುವವರಿಗೆ ಒಂದು ಮಾತು. 1971ರಲ್ಲಿ, ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ಪಿಡಿಪಿ-11 ಯಂತ್ರದಲ್ಲಿ ಯುನಿಕ್ಸ್ ಓಡಿದ್ದು 24 ಕೆಬಿಯಲ್ಲಿ. ಅದರಲ್ಲಿ 16 ಕೆಬಿ ಸಿಸ್ಟಂಗೆ, ಉಳಿದ 8 ಕೆಬಿ ಬಳಕೆದಾರರಿಗೆ. ಆ ಲೆಕ್ಕದಲ್ಲಿ ಎಕ್ಸ್‌ಟಿ ಶ್ರೀಮಂತ ಯಂತ್ರ.

ಅದರ ನಿಜವಾದ ಕೊರತೆ ಬೇರೆ. 8088ರಲ್ಲಿ ಮೆಮೊರಿ ರಕ್ಷಣೆ ಇಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಜಾಗಕ್ಕೆ, ಸಿಸ್ಟಂನ ತಿರುಳಾದ ಕರ್ನಲ್ಲಿನ ಜಾಗಕ್ಕೂ ಕೈಹಾಕಿದರೆ ಪ್ರೊಸೆಸರ್ ತಡೆಯುವುದಿಲ್ಲ. ಅದರ ಮೆಮೊರಿ ಬದುವಿಲ್ಲದ ಹೊಲವಿದ್ದಂತೆ; ನೇಗಿಲು ಎಲ್ಲಿಗೆ ನುಗ್ಗಿತೆಂದು ಗೊತ್ತಾಗುವುದು ಬೆಳೆ ಹಾಳಾದ ಮೇಲೆಯೇ. ಮೊದಲ ಪಿಡಿಪಿ-11ರಲ್ಲೂ ಇದೇ ಪಾಡು. ಹೊಸ ಪ್ರೋಗ್ರಾಂ ಓಡಿಸುವ ಮುನ್ನ ಕೋಣೆಯಲ್ಲಿದ್ದ ಉಳಿದವರಿಗೆ ಕೂಗಿ ಹೇಳುತ್ತಿದ್ದರಂತೆ, ಅವರು ತಮ್ಮ ಕೆಲಸ ಉಳಿಸಿಕೊಳ್ಳಲಿ ಎಂದು. 1982ರಲ್ಲಿ ಬಂದ 80286ರಲ್ಲಿ ಈ ರಕ್ಷಣೆ ಸೇರಿತು, 1985ರ 80386ರಲ್ಲಿ ಮೆಮೊರಿಯನ್ನು ಸಣ್ಣ ಪುಟಗಳಾಗಿ ಹಂಚುವ ಪೇಜಿಂಗ್ ಕೂಡ ಬಂತು.

8088ಕ್ಕೆ ಇದ್ದ ಅನುಕೂಲವೂ ಸಣ್ಣದಲ್ಲ. ಅದು ಮೆಮೊರಿಯನ್ನು 64 ಕೆಬಿಯ ಸೆಗ್ಮೆಂಟುಗಳಾಗಿ ನೋಡುತ್ತದೆ. ಪ್ರೋಗ್ರಾಂ ತನ್ನ ವಿಳಾಸಗಳನ್ನು ಸೆಗ್ಮೆಂಟಿನ ಆರಂಭದಿಂದ ಎಣಿಸುತ್ತದೆ. ಆರಂಭ ಎಲ್ಲಿ ಎಂಬುದು ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹವಾದ ಒಂದು ರಿಜಿಸ್ಟರಿನಲ್ಲಿರುತ್ತದೆ. ಆ ರಿಜಿಸ್ಟರಿನ ಬೆಲೆ ಬದಲಿಸಿದರೆ ಸಾಕು, ಅದೇ ಪ್ರೋಗ್ರಾಂ ಮೆಮೊರಿಯ ಬೇರೆಡೆ ಓಡುತ್ತದೆ. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ತನ್ನಂಥದೇ ಇನ್ನೊಂದನ್ನು ಹುಟ್ಟಿಸುವುದು ಯುನಿಕ್ಸಿನ ಜೀವಾಳ. ಅದನ್ನು ಫೋರ್ಕ್ ಎನ್ನುತ್ತಾರೆ. ಮಿನಿಕ್ಸ್ ಎಕ್ಸ್‌ಟಿಯಲ್ಲಿ ಇದನ್ನು ನೇರವಾಗಿ ಮಾಡುತ್ತದೆ: ತಾಯಿ ಪ್ರೊಸೆಸ್ಸನ್ನು ಖಾಲಿ ಜಾಗಕ್ಕೆ ಪ್ರತಿ ಮಾಡಿ, ರಿಜಿಸ್ಟರಿಗೆ ಹೊಸ ಆರಂಭವನ್ನು ತುಂಬುತ್ತದೆ. ಇದಕ್ಕೊಂದು ಬೆಲೆ ತೆರಬೇಕು. ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಬೇಕೆಂದು ಮೊದಲೇ ನಿಗದಿ ಮಾಡಬೇಕು, ಅದಕ್ಕೆ ಚ್‌ಮೆಮ್ ಎಂಬ ಆದೇಶವೇ ಇತ್ತು. ಇಂದಿನ ಯಂತ್ರಗಳು ಬಚ್ಚಿಡುವ ಕೆಲಸ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಬೇರೆ ಆಯ್ಕೆಗಳೂ ಇದ್ದವು. ಮೈಕ್ರೋಸಾಫ್ಟಿನ ಕ್ಸೆನಿಕ್ಸ್, 1984ರಲ್ಲಿ ಐಬಿಎಂ ಮಾರಿದ ಪಿಸಿ/ಐಎಕ್ಸ್, ಎರಡಕ್ಕೂ ಹಾರ್ಡ್ ಡಿಸ್ಕ್ ಬೇಕು. ಕೊಹೆರೆಂಟ್ ಎಂಬುದನ್ನು ಮಾರ್ಕ್ ವಿಲಿಯಮ್ಸ್ ಕಂಪನಿ ಸ್ವತಂತ್ರವಾಗಿ ಬರೆದಿತ್ತು. ಯುನಿಕ್ಸಿನ ನಕಲೇ ಎಂದು ಪರೀಕ್ಷಿಸಲು ಬಂದವರಲ್ಲಿ ಯುನಿಕ್ಸ್ ಕಟ್ಟಿದ ಡೆನಿಸ್ ರಿಚಿಯೇ ಇದ್ದರು. ಕೋಡ್ ಕದ್ದ ಗುರುತು ಸಿಗಲಿಲ್ಲ. ಆದರೆ ಇವುಗಳಲ್ಲಿ ಯಾವುದನ್ನು ಕೊಂಡರೂ ಒಳಗಿನ ಕೋಡ್ ಓದಲು ಸಿಗುತ್ತಿರಲಿಲ್ಲ.

ಮಿನಿಕ್ಸ್ ಬಂದದ್ದು ಓದಲೆಂದೇ. ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟಾನೆನ್‌ಬಾಮ್ 1987ರಲ್ಲಿ ತಮ್ಮ ಪಠ್ಯಪುಸ್ತಕದ ಜೊತೆ ಅದನ್ನು ಹೊರತಂದರು. ಸುಮಾರು 12,000 ಸಾಲಿನ ಕೋಡ್ ಪುಸ್ತಕದಲ್ಲೇ ಅಚ್ಚಾಗಿತ್ತು. ಕರ್ನಲ್, ಮೆಮೊರಿ ನೋಡಿಕೊಳ್ಳುವ ಭಾಗ, ಫೈಲ್ ನೋಡಿಕೊಳ್ಳುವ ಭಾಗ ಬೇರೆ ಬೇರೆ ನಿಂತು ಸಂದೇಶಗಳ ಮೂಲಕ ಮಾತಾಡಿಕೊಳ್ಳುತ್ತವೆ. ಒಂದು ಸೆಮಿಸ್ಟರಿನಲ್ಲಿ ಹುಡುಗರು ಇದನ್ನು ಪೂರ್ತಿ ಓದಬಲ್ಲರು. ಫ್ಲಾಪಿಯಿಂದಲೂ ಓಡುತ್ತದೆ. 2000ದಿಂದ ಪರವಾನಗಿಯೂ ಮುಕ್ತ. ಇಂದಿಗೂ ಜನ ಕೈಯಾಡಿಸುತ್ತಿರುವ ಸಿಸ್ಟಂ ಬೇಕೆಂದರೆ ಎಲ್ಕ್ಸ್ ಇದೆ. ಲಿನಕ್ಸಿನ ಈ ಪುಟ್ಟ ತಮ್ಮ 8088ರಲ್ಲೇ ಓಡುತ್ತದೆ, ಒಂದೇ ಫ್ಲಾಪಿಯಿಂದ ಶುರುವಾಗುತ್ತದೆ. ಬಳಸುವುದಷ್ಟೇ ಗುರಿಯಾದರೆ ಅದನ್ನೇ ಆರಿಸಿ.

ನಮ್ಮ ಕಡೆಯವರು ಇನ್ನೊಂದು ವಿಷಯ ಗಮನಿಸಬೇಕು. ಬೇಸಿಗೆಯಲ್ಲಿ ಶಿರಾ, ಪಾವಗಡದಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಯುನಿಕ್ಸ್ ಮಾದರಿಯ ಸಿಸ್ಟಂ ನೀವು ಬರೆದದ್ದನ್ನು ತಕ್ಷಣ ಡಿಸ್ಕಿಗೆ ಹಾಕುವುದಿಲ್ಲ. ವೇಗಕ್ಕಾಗಿ ಮೆಮೊರಿಯಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಒಟ್ಟಿಗೆ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಕಳೆದುಹೋಗುವುದು ಕೊನೆಯ ಸಾಲುಗಳಷ್ಟೇ ಅಲ್ಲ. ಯಾವ ಜಾಗ ಖಾಲಿ, ಯಾವುದು ಯಾವ ಫೈಲಿನದು ಎಂಬ ಲೆಕ್ಕವೇ ತಪ್ಪಬಹುದು. ಇಂಥ ಪಿಸಿಗಳಲ್ಲಿ ಸಾಮಾನ್ಯವಾಗಿದ್ದ ಡಾಸ್‌ ಸಿಸ್ಟಂನಲ್ಲೂ ಫೈಲ್ ಕೆಡುತ್ತದೆ, ಇಲ್ಲಿ ಅಪಾಯ ಹೆಚ್ಚು. ಆದ್ದರಿಂದ ಯುಪಿಎಸ್ ಇಲ್ಲದೆ ಕೂರಬೇಡಿ, ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಸುವ ಸಿಂಕ್ ಆದೇಶವನ್ನು ಆಗಾಗ ಕೊಡುತ್ತಿರಿ, ಸಿಸ್ಟಂ ಫ್ಲಾಪಿಯ ಒಂದು ಪ್ರತಿಯನ್ನು ಬೇರೆ ಇಟ್ಟು ನಿಮ್ಮ ಕೆಲಸವನ್ನು ಇನ್ನೊಂದು ಫ್ಲಾಪಿಯಲ್ಲಿ ಮಾಡಿ.