ಎಂಸಿಬಿ ಕಾಯುವುದು ತಂತಿಯನ್ನು: ಗೀಸರಿನಿಂದ ಮೈಕ್ರೋವೇವ್ ಒಲೆಯವರೆಗೆ ಒಂದು ಅಧ್ಯಯನ ಟಿಪ್ಪಣಿ

ಮಂಡ್ಯದಲ್ಲಿ ಎಲೆಕ್ಟ್ರಿಷಿಯನ್ ವೃತ್ತಿ ಕಲಿಯುತ್ತಿರುವ ನಾನು, ಜೊತೆಗೆ ಓದುವವರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. "ಮನೆಗೆ ಎಂಸಿಬಿ ಹಾಕಿಸಿದ್ದೇವೆ, ಇನ್ನು ಶಾಕ್ ಹೊಡೆಯುವ ಭಯವಿಲ್ಲ" ಎಂಬ ಮಾತನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಎಂಸಿಬಿ ಎಂದರೆ ಕರೆಂಟ್ ಮಿತಿಮೀರಿದಾಗ ತಾನಾಗಿ ಸರ್ಕಿಟ್ ಕಡಿಯುವ ಸ್ವಿಚ್. ಕಲಿಯಲು ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆ ಏಕೆ ತಪ್ಪು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಈ ಪಾಠದ ಬಹುಭಾಗ ತಾನಾಗಿ ಅರ್ಥವಾಗುತ್ತದೆ.

ಮನೆಗೆ ಬರುವ ಸರಬರಾಜು 230 ವೋಲ್ಟ್, 50 ಹರ್ಟ್ಸ್. 2,000 ವ್ಯಾಟಿನ ಗೀಸರ್ ಇದರಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3,000 ವ್ಯಾಟಿನದು ಸುಮಾರು 13 ಆಂಪಿಯರ್. ಆದ್ದರಿಂದಲೇ ಅದಕ್ಕೆ 6 ಆಂಪಿಯರಿನ ಸಣ್ಣ ಸಾಕೆಟ್ ಸಲ್ಲದು. 16 ಆಂಪಿಯರಿನ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಮತ್ತು ಪ್ರತ್ಯೇಕ ಎಂಸಿಬಿ ಬೇಕು. ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟ್ ಹರಿದು ಅದರ ಹೊದಿಕೆ ಕರಗುವ ಮೊದಲೇ ಸರ್ಕಿಟ್ ಕಡಿಯುವುದು ಎಂಸಿಬಿಯ ಕೆಲಸ. ಸರ್ಕಿಟಿನಲ್ಲಿ ಮನುಷ್ಯನಿದ್ದಾನೆಯೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮನುಷ್ಯನ ಹೃದಯದ ಬಡಿತವನ್ನು ಕೆಡಿಸಲು 0.1 ಆಂಪಿಯರಿನಷ್ಟು ಕರೆಂಟ್ ಸಾಕಾಗಬಹುದು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಈಗ ಗೀಸರಿನೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಕಾಯಿಲ್ ಇರುವುದು ಲೋಹದ ಕೊಳವೆಯೊಳಗೆ. ಎರಡಕ್ಕೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿ ತುಂಬಿರುತ್ತದೆ, ಅದು ಶಾಖವನ್ನು ದಾಟಿಸಿ ವಿದ್ಯುತ್ತನ್ನು ತಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಕೊಳವೆಯ ಮೇಲೆ ಸುಣ್ಣದಂಥ ಪದರ ಕಟ್ಟಿ, ಶಾಖ ಹೊರಹೋಗದೆ, ಕೊನೆಗೊಂದು ದಿನ ಕೊಳವೆ ಬಿರಿದು ನೀರು ಒಳಗೆ ಇಳಿಯುತ್ತದೆ. ಆಗ ಫೇಸಿನ (ಕರೆಂಟ್ ತರುವ ತಂತಿಯ) ವಿದ್ಯುತ್ ಗೀಸರಿನ ಟ್ಯಾಂಕಿಗೆ ಮತ್ತು ನೀರಿಗೆ ತಗುಲುತ್ತದೆ. ಟ್ಯಾಂಕಿಗೆ ಅರ್ಥ್ ತಂತಿ ಜೋಡಿಸಿದ್ದರೆ ಕರೆಂಟ್ ಅದರ ಮೂಲಕ ಮಣ್ಣಿಗಿಳಿದು, ಬೀದಿಯ ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ಮೂಲಕ ಮರಳುತ್ತದೆ. ಎಷ್ಟು ಮರಳುತ್ತದೆ ಎಂಬುದನ್ನು ತೀರ್ಮಾನಿಸುವುದು ಮಣ್ಣು.

ಈ ದಾರಿಯ ಒಟ್ಟು ರೋಧ 5 ಓಮ್ ಎಂದುಕೊಳ್ಳಿ: ಮನೆಯ ಅರ್ಥ್ ತಂತಿ ಮಣ್ಣಿಗೆ ಸೇರುವ ಅರ್ಥಿಂಗ್ ಗುಂಡಿಯದು 3, ಟ್ರಾನ್ಸ್‌ಫಾರ್ಮರಿನದು 2. ಆಗ ಹರಿಯುವುದು 230 ÷ 5, ಎಂದರೆ 46 ಆಂಪಿಯರ್. ಸಿ ವರ್ಗದ 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳಬೇಕಾದರೆ (ಸರ್ಕಿಟ್ ಕಡಿಯಬೇಕಾದರೆ) ಅದರ 5ರಿಂದ 10 ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಬೇಕು. 46 ಆಂಪಿಯರಿಗೆ ಅದು ಒಳಗಿನ ಪಟ್ಟಿ ಬಿಸಿಯಾದ ಮೇಲೆ, ಹಲವು ಸೆಕೆಂಡುಗಳ ನಂತರ ಬೀಳುತ್ತದೆ. ಅಷ್ಟು ಹೊತ್ತು ಗೀಸರಿನ ಮೈಯಲ್ಲಿ 46 × 3, ಎಂದರೆ 138 ವೋಲ್ಟ್ ಇರುತ್ತದೆ. ಇದು ಅರ್ಥಿಂಗ್ ಚೆನ್ನಾಗಿರುವ ಮನೆಯ ಕಥೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ಪಕ್ಕದ ಮನೆಯಲ್ಲಿ ಗುಂಡಿಯ ಮಣ್ಣು ಸದಾ ತೇವವಾಗಿರಬಹುದು. ನಾಗಮಂಗಲದ ಕಡೆಯ ಒಣ ಭೂಮಿಯಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಉಪ್ಪು ಮತ್ತು ಇದ್ದಿಲು ಹಾಕಿ ವರ್ಷಗಳಿಂದ ಒಂದು ಬಿಂದಿಗೆ ನೀರನ್ನೂ ಕಾಣದ ಗುಂಡಿಯ ರೋಧ 48 ಓಮ್ ಆಗಿದ್ದರೆ ಅಚ್ಚರಿಯೇನಿಲ್ಲ. ಆಗ ಒಟ್ಟು 50 ಓಮ್, ಹರಿಯುವ ಕರೆಂಟ್ 4.6 ಆಂಪಿಯರ್. ಕಾಯಿಲಿನ 8.7 ಸೇರಿದರೂ 16 ದಾಟುವುದಿಲ್ಲವಾದ್ದರಿಂದ ಎಂಸಿಬಿ ಎಂದೂ ಬೀಳುವುದಿಲ್ಲ. ಗೀಸರಿನ ಮೈ ಮತ್ತು ಲೋಹದ ನಲ್ಲಿ ಸುಮಾರು 220 ವೋಲ್ಟಿನಲ್ಲಿ ನಿಂತಿರುತ್ತವೆ, ಮಣ್ಣನ್ನು ಬಿಸಿ ಮಾಡಲು ಸುಮಾರು ಒಂದು ಕಿಲೋವ್ಯಾಟ್ ವ್ಯರ್ಥವಾಗುತ್ತದೆ, ಮೀಟರ್ ಅದನ್ನೂ ಬಿಲ್ಲಿಗೆ ಸೇರಿಸುತ್ತದೆ.

ಇಲ್ಲಿಗೆ ಬರಬೇಕಾದದ್ದು ಆರ್‌ಸಿಸಿಬಿ, ಎಂದರೆ ಸೋರುವ ಕರೆಂಟನ್ನು ಗುರುತಿಸಿ ಸರ್ಕಿಟ್ ಕಡಿಯುವ ಸ್ವಿಚ್. ಫೇಸ್ ಮತ್ತು ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಎರಡೂ ಅದರೊಳಗಿನ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಕರೆಂಟ್ ಮರಳಿ ಬಂದರೆ ಉಂಗುರದಲ್ಲಿ ಕಾಂತತ್ವ ಉಳಿಯುವುದಿಲ್ಲ, ಸ್ವಲ್ಪ ಬೇರೆ ದಾರಿ ಹಿಡಿದರೆ ಉಳಿಯುತ್ತದೆ, ಆ ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವ ಹೊತ್ತಿಗೆ ಅದು ಸರ್ಕಿಟ್ ಕಡಿಯುತ್ತದೆ. ಮೇಲಿನ ಒಣ ಗುಂಡಿಯ 4.6 ಆಂಪಿಯರ್ ಇದರ 150 ಪಟ್ಟಿಗೂ ಹೆಚ್ಚು. ಎಂಸಿಬಿ ಕಣ್ಣು ಮುಚ್ಚಿಕೊಂಡಿರುವಲ್ಲಿ ಆರ್‌ಸಿಸಿಬಿ ಕ್ಷಣಾರ್ಧದಲ್ಲಿ ಬೀಳುತ್ತದೆ. ಅರ್ಥಿಂಗ್ ಇಲ್ಲವೇ ಇಲ್ಲದಿದ್ದರೂ ಅದು ಬೀಳುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಅರ್ಥಿಂಗ್ ಇದ್ದರೆ ದೋಷ ಹುಟ್ಟಿದಾಗಲೇ. ಹಾಗಾಗಿ ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ತಿಂಗಳಿಗೊಮ್ಮೆ ಒತ್ತಬೇಕಾದ ಪರೀಕ್ಷಾ ಬಟನ್ ಆರ್‌ಸಿಸಿಬಿಯನ್ನು ಪರೀಕ್ಷಿಸುತ್ತದೆಯೇ ಹೊರತು ಅರ್ಥಿಂಗನ್ನಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಚಿಕ್ಕಪ್ಪ ಬಾಡಿಗೆಗಿರುವ ಮನೆಯಲ್ಲಿ ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿತ್ತು. ರಿಪೇರಿಗೆ ಬಂದವರು "ಇದೇ ಕೆಟ್ಟಿದೆ ಸ್ವಾಮಿ" ಎಂದು ಅದನ್ನು ಬಿಟ್ಟು ನೇರವಾಗಿ ತಂತಿ ಕೊಟ್ಟು ಹೋದರು. ಮನೆಯವರಿಗೂ ನೆಮ್ಮದಿಯಾಯಿತು. ಅಭ್ಯಾಸಕ್ಕೆಂದು ತಂದಿದ್ದ, ನಿರೋಧನ ಅಳೆಯುವ ಮೆಗ್ಗರಿನಿಂದ ನಾನು ಕಾಯಿಲ್ ಮತ್ತು ಟ್ಯಾಂಕಿನ ನಡುವೆ ಅಳೆದಾಗ ನಿರೋಧನ ಹಾಳಾಗಿರುವುದು ಕಂಡಿತು; ಕೆಟ್ಟದ್ದು ಗೀಸರ್, ಸತ್ಯ ಹೇಳುತ್ತಿದ್ದದ್ದು ಆರ್‌ಸಿಸಿಬಿ. ಕಾರಣವಿಲ್ಲದೆ ಬೀಳುತ್ತಿದೆ ಎನಿಸಿದಾಗ ನೋಡಬೇಕಾದ ಇನ್ನೊಂದು ಜಾಗ ಯುಪಿಎಸ್: ಅದರ ನ್ಯೂಟ್ರಲನ್ನು ಆರ್‌ಸಿಸಿಬಿಗೆ ಮೊದಲಿನ (ಮೀಟರಿನ ಕಡೆಯ) ನ್ಯೂಟ್ರಲಿಗೆ ಬೆರೆಸಿಬಿಟ್ಟರೆ ಹೋದ ಕರೆಂಟ್ ಬೇರೆ ದಾರಿಯಲ್ಲಿ ಮರಳಿ, ದೋಷವಿಲ್ಲದಿದ್ದರೂ ಅದು ಬೀಳುತ್ತದೆ.

ಬಣ್ಣಗಳ ವಿಷಯದಲ್ಲಿ ಪರೀಕ್ಷೆಯಲ್ಲಿಯೂ ಕೆಲಸದಲ್ಲಿಯೂ ಎಡವುವ ಒಂದು ಜಾಗವಿದೆ. ನಮ್ಮ ಗೋಡೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣದೊಂದಿಗೆ ಬರುವ ಬಳುಕುವ ವೈರಿನಲ್ಲಿಯಾದರೋ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಗೋಡೆಯಲ್ಲಿ ಫೇಸ್ ಆಗಿರುವ ನೀಲಿ, ವೈರಿನಲ್ಲಿ ನ್ಯೂಟ್ರಲ್ ಆಗುತ್ತದೆ. ಬಣ್ಣವನ್ನು ನಂಬಿ ಕೈ ಹಾಕಬಾರದು. ಟೆಸ್ಟರಿನಿಂದ ನೋಡಿಯೇ ಜೋಡಿಸಬೇಕು. ಸ್ವಿಚ್ ಯಾವಾಗಲೂ ಫೇಸಿನಲ್ಲಿಯೇ ಇರಬೇಕು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ.

ಇಷ್ಟು ಓದಿದವರಿಗೆ ಆರ್‌ಸಿಸಿಬಿ ಇದ್ದರೆ ಎಲ್ಲವೂ ಸರಿ ಎನಿಸಬಹುದು. ಹಾಗಲ್ಲ ಎಂಬುದಕ್ಕೆ ಅಡುಗೆಮನೆಯ ಮೈಕ್ರೋವೇವ್ ಒಲೆಯೇ ಸಾಕ್ಷಿ. ಹಿಂದೆ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳ ವರ್ಗೀಕರಣದಲ್ಲಿ 250 ವೋಲ್ಟಿನವರೆಗೆ ಕಡಿಮೆ ಒತ್ತಡ (ವೋಲ್ಟೇಜ್), 650ರವರೆಗೆ ಮಧ್ಯಮ, ಅದರ ಮೇಲೆ 33,000ದವರೆಗೆ ಹೆಚ್ಚಿನ ಒತ್ತಡ ಎಂದಿತ್ತು. ಈ ಒಲೆಯೊಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ, ಕೆಪಾಸಿಟರ್ ಮತ್ತು ಡಯೋಡ್ ಸೇರಿ, ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ ಸುಮಾರು 4,000 ವೋಲ್ಟ್ ಒದಗಿಸುತ್ತವೆ. ಹೆಚ್ಚಿನ ಒತ್ತಡ ಎಂಬ ಮಾತು ಮನೆಯೊಳಗೆ ನಿಜವಾಗಿ ಸಲ್ಲುವುದು ಇಲ್ಲಿ. ಆ ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯ ಒಂದು ತುದಿ ಒಲೆಯ ಲೋಹದ ಮೈಗೇ ಜೋಡಿಸಿರುತ್ತದೆ. ಕವಚ ತೆರೆದು ಇನ್ನೊಂದು ತುದಿಯನ್ನು ಮುಟ್ಟಿದವರ ದೇಹದ ಮೂಲಕ ಹರಿದ ಕರೆಂಟ್ ಒಲೆಯ ಮೈಯಿಂದ ಅದೇ ಸುರುಳಿಗೆ ಮರಳುತ್ತದೆ. ಮೊದಲ ಸುರುಳಿಯಲ್ಲಿ ಹೋದಷ್ಟೇ ಕರೆಂಟ್ ಬಂದಿರುವುದರಿಂದ ಆರ್‌ಸಿಸಿಬಿಗೆ ವ್ಯತ್ಯಾಸವೇ ಕಾಣದು, ಎಂಸಿಬಿಗೆ ಅದು ಒಲೆಯ ದಿನನಿತ್ಯದ ಲೋಡ್.

ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ 2,000 ವೋಲ್ಟಿಗೂ ಮೀರಿದ ಒತ್ತಡ ಉಳಿದಿರಬಹುದು. ಸಾಮಾನ್ಯವಾಗಿ ಅದರೊಳಗೆ 10 ಮೆಗಾಓಮ್ ರೋಧಕವೊಂದು ಇರುತ್ತದೆ. ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಆದರೆ ಸಮಯ ಸ್ಥಿರಾಂಕ (ಒತ್ತಡ ಶೇಕಡಾ ಸುಮಾರು 37ಕ್ಕೆ ಇಳಿಯಲು ಬೇಕಾದ ಹೊತ್ತು) 10 ಸೆಕೆಂಡು, ಒಂದು ನಿಮಿಷದಲ್ಲಿ ಒತ್ತಡ 400ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಆ ರೋಧಕ ತೆರೆದುಕೊಂಡಿದ್ದರೆ (ಒಳಗೆ ಕಡಿದು ಸಂಪರ್ಕ ತಪ್ಪಿದ್ದರೆ) ಎಷ್ಟು ಹೊತ್ತು ಕಾದರೂ ಪ್ರಯೋಜನವಿಲ್ಲ, ಮತ್ತು ಅದು ತೆರೆದುಕೊಂಡಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ನಮ್ಮ ಬಳಿ ಇರುವ ಮಲ್ಟಿಮೀಟರಿನ ಮಿತಿ 600 ಅಥವಾ 1,000 ವೋಲ್ಟ್ ಆದ್ದರಿಂದ ಅದನ್ನು ಅಲ್ಲಿ ಇಡುವುದೇ ಅಪಾಯ. ಈ ಒಲೆಯಲ್ಲಿ ಸದ್ಯಕ್ಕೆ ನಮ್ಮ ಕೆಲಸ ಪ್ಲಗ್, ವೈರ್, ಸಾಕೆಟ್ ಮತ್ತು ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಒಲೆಯ ಮೈಯವರೆಗಿನ ಸಂಪರ್ಕವನ್ನು ಪರೀಕ್ಷಿಸುವಷ್ಟಕ್ಕೆ ನಿಲ್ಲುತ್ತದೆ. ಕವಚದ ತಿರುಪುಗಳನ್ನು ಅದಕ್ಕೆ ತರಬೇತಿ ಪಡೆದವರು ಬಿಚ್ಚಲಿ.