ಒಂದೇ ಕೆಂಪು, ಎರಡು ಪರದೆ

ಕುಂಬಳೆಯಲ್ಲಿ ಮದುವೆ ಕಾಗದ, ಬಯಲಾಟದ ಕರಪತ್ರಗಳನ್ನು ವಿನ್ಯಾಸ ಮಾಡುವ ಗೆಳೆಯನೊಬ್ಬನ ಮೇಜಿನ ಮೇಲೆ ಲ್ಯಾಪ್‌ಟಾಪೂ ಅದಕ್ಕೆ ಜೋಡಿಸಿದ ದೊಡ್ಡ ಮಾನಿಟರೂ ಇವೆ. ಬಣ್ಣದ ವೇಷದ ಚಿತ್ರವೊಂದನ್ನು ಆತ ಒಂದರಿಂದ ಇನ್ನೊಂದಕ್ಕೆ ಎಳೆದಾಗ, ಲ್ಯಾಪ್‌ಟಾಪಿನಲ್ಲಿ ಮುರಕಲ್ಲಿನಂತೆ ಮಂಕಾಗಿದ್ದ ಕೆಂಪು ಮಾನಿಟರಿನಲ್ಲಿ ಕೆಂಡದಂತೆ ಉರಿಯಿತು.

ಚಿತ್ರದ ಕಡತದಲ್ಲಿ ಇರುವುದು ಬಣ್ಣವಲ್ಲ, ಅಂಕಿಗಳು. ಕೆಂಪು 255, ಹಸಿರು 0, ನೀಲಿ 0 ಎಂದರೆ 'ನಿನ್ನಲ್ಲಿರುವ ಪೂರ್ಣ ಕೆಂಪನ್ನು ತೋರಿಸು' ಎಂದಷ್ಟೇ ಅರ್ಥ. ಆ ಕೆಂಪು ಯಾವುದೆಂಬುದು ಆಯಾ ಪರದೆಯ ಹಿಂಬೆಳಕು ಮತ್ತು ಬಣ್ಣದ ಫಿಲ್ಟರುಗಳನ್ನು ಅವಲಂಬಿಸಿದೆ. ನಮ್ಮ ಕಾಸರಗೋಡಿನಲ್ಲಿ 'ಪಟ್ಟಿ' ಎಂಬ ಒಂದೇ ಮಾತು ಕನ್ನಡದವರಿಗೆ ಯಾದಿಯಾದರೆ ಮಲಯಾಳದವರಿಗೆ ನಾಯಿಯಾಗುತ್ತದಲ್ಲ, ಹಾಗೆ.

ಇಲ್ಲಿ ದುಭಾಷಿಯ ಕೆಲಸಕ್ಕೆ ನೆರವಾಗುವುದು ಕಲರ್ ಪ್ರೊಫೈಲ್. ಅದು ಪರದೆಯನ್ನು ರಿಪೇರಿ ಮಾಡುವುದಿಲ್ಲ. ಈ ಪರದೆಯ ಕೆಂಪು, ಹಸಿರು, ನೀಲಿ, ಬಿಳಿ ಎಂತಹವು, ಅಂಕಿ ಏರಿದಂತೆ ಬೆಳಕು ಹೇಗೆ ಏರುತ್ತದೆ ಎಂಬುದನ್ನು ವಿವರಿಸುವ ಸಣ್ಣ ಕಡತವಷ್ಟೇ. ಅಳತೆಗೋಲು ಹಳೆಯದು: ಮನುಷ್ಯನ ಕಣ್ಣಿನ ಸರಾಸರಿ ಗ್ರಹಿಕೆಯನ್ನು ಆಧರಿಸಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗವು 1931ರಲ್ಲಿ ರೂಪಿಸಿದ ವ್ಯವಸ್ಥೆ. 1993ರಲ್ಲಿ ಹುಟ್ಟಿದ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸೋರ್ಷಿಯಂ) ಎಂಬ ಒಕ್ಕೂಟವು ಪ್ರೊಫೈಲಿಗೆ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ರೂಪ ಕೊಟ್ಟಿತು. ಚಿತ್ರದ ಅಂಕಿಗಳನ್ನು ಮೊದಲು ಸಿಐಇ ಅಳತೆಯ ಸಾಮಾನ್ಯ ಭಾಷೆಗೆ, ಅಲ್ಲಿಂದ ಆಯಾ ಪರದೆಯ ಭಾಷೆಗೆ ತಂತ್ರಾಂಶವು ಅನುವಾದಿಸುತ್ತದೆ. ಪ್ರೊಫೈಲನ್ನು ಕೇಳುವ ಗೋಜಿಗೇ ಹೋಗದ ತಂತ್ರಾಂಶಗಳೂ ಇವೆ. ಹೆಚ್ಚು ಬಣ್ಣಗಳನ್ನು ತೋರಿಸಬಲ್ಲ ಮಾನಿಟರಿನಲ್ಲಿ ಬಣ್ಣ ಕಣ್ಣು ಕುಕ್ಕುವುದು ಮುಖ್ಯವಾಗಿ ಅವುಗಳಿಂದಲೇ.

ಗೆಳೆಯ ಮಾಡಿದ್ದ ತಪ್ಪು ಬೇರೆ. ಎರಡೂ ಒಂದೇ ರೀತಿ ಕಾಣಲಿ ಎಂದು ಲ್ಯಾಪ್‌ಟಾಪಿನ ಪ್ರೊಫೈಲನ್ನೇ ಮಾನಿಟರಿಗೂ ಆರಿಸಿದ್ದ. ಒಬ್ಬನ ಕನ್ನಡಕವನ್ನು ಇನ್ನೊಬ್ಬನಿಗೆ ತೊಡಿಸಿದಂತೆ. ಸೆಟ್ಟಿಂಗ್ಸಿನಲ್ಲಿ ಪ್ರತಿ ಪರದೆಗೂ ಅದರದೇ ಪ್ರೊಫೈಲ್ ಇರಬೇಕು. ನಾವು ರಾತ್ರಿಯ ಹಳದಿ ಬೆಳಕಿನ ಸೌಲಭ್ಯವನ್ನು ಬಂದ್ ಮಾಡಿ, ಮಾನಿಟರ್ ಅರ್ಧ ಗಂಟೆ ಬೆಚ್ಚಗಾದ ಮೇಲೆ ಅಳತೆಯ ಉಪಕರಣವನ್ನು ಗಾಜಿಗೆ ತಾಗಿಸಿ ಎರಡಕ್ಕೂ ಬೇರೆ ಬೇರೆ ಪ್ರೊಫೈಲ್ ಮಾಡಿದೆವು. ಬಿಳಿ ಹೇಗಿರಬೇಕೆಂಬ ಗುರಿ ಎರಡಕ್ಕೂ ಡಿ65, ಅಂದರೆ ಸುಮಾರು 6500 ಕೆಲ್ವಿನ್ ಬಣ್ಣತಾಪದ, ಹಗಲಿನ ಬೆಳಕಿನಂತಹ ಬಿಳಿ.

ಮಾನಿಟರಿನ ಕೆಂಡ ತಣಿಯಿತು. ಲ್ಯಾಪ್‌ಟಾಪಿನ ಕೆಂಪು ಮಾತ್ರ ತುಸು ಮಂಕಾಗಿಯೇ ಉಳಿಯಿತು, ಏಕೆಂದರೆ ಪರದೆಗೆ ಹೊಮ್ಮಿಸಲಾಗದ ಬಣ್ಣವನ್ನು ಯಾವ ಪ್ರೊಫೈಲೂ ಹುಟ್ಟಿಸಲಾರದು. ಈಗ ಆತ ಅಕ್ಷರ ಜೋಡಿಸುವುದು ಲ್ಯಾಪ್‌ಟಾಪಿನಲ್ಲಿ, ವೇಷದ ಬಣ್ಣ ನೋಡುವುದು ಮಾನಿಟರಿನಲ್ಲಿ.