ಮೆಥನಾಲ್ ಇಂಜೆಕ್ಷನ್: ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಅದು ಬೇಕೇ?

ಸೂಪರ್‌ಚಾರ್ಜರನ್ನು, ಅಂದರೆ ಎಂಜಿನ್ನಿನಿಂದಲೇ ತಿರುಗುತ್ತ ಗಾಳಿಯನ್ನು ಅದುಮಿ ಒಳನೂಕುವ ಯಂತ್ರವನ್ನು, ಅಳವಡಿಸಿದ ಪೆಟ್ರೋಲ್ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಗೆ ಮೆಥನಾಲನ್ನು, ಹೆಚ್ಚಿನ ಸಂದರ್ಭಗಳಲ್ಲಿ ಮೆಥನಾಲ್ ಮತ್ತು ನೀರಿನ ಮಿಶ್ರಣವನ್ನು, ಸಣ್ಣ ನಾಝಲ್ ಮೂಲಕ ಮಂಜಿನಂತೆ ಸಿಂಪಡಿಸುವ ವ್ಯವಸ್ಥೆಯನ್ನು ಮೆಥನಾಲ್ ಇಂಜೆಕ್ಷನ್ ಎನ್ನುತ್ತಾರೆ. ಇದಕ್ಕೆ ಕಾರಿನ ಮೂಲ ಇಂಧನ ವ್ಯವಸ್ಥೆಯೊಡನೆ ಸಂಬಂಧವಿಲ್ಲ. ಬೇರೆಯದೇ ಟ್ಯಾಂಕ್, ಬೇರೆಯದೇ ಪಂಪು, ಬೇರೆಯದೇ ಕಂಟ್ರೋಲರ್ ಇರುತ್ತವೆ. ಸಾಧಾರಣ ಓಡಾಟದಲ್ಲಿ ಅದು ಸುಮ್ಮನಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವ ಹೆಚ್ಚುವರಿ ಒತ್ತಡ) ಮೊದಲೇ ನಿಗದಿಪಡಿಸಿದ ಮಟ್ಟವನ್ನು ದಾಟಿದಾಗ ಮಾತ್ರ ಪಂಪು ಹತ್ತು ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ದ್ರವವನ್ನು ನಾಝಲ್‌ಗೆ ನೂಕುತ್ತದೆ. ಕಿಟ್ ಮಾರುವವರು ಇದನ್ನು ಅಶ್ವಶಕ್ತಿಯ ಲೆಕ್ಕದಲ್ಲಿ ವರ್ಣಿಸುವುದರಿಂದ ಕೊಳ್ಳುವವರೂ ಅದೇ ಲೆಕ್ಕದಲ್ಲಿ ಯೋಚಿಸುತ್ತಾರೆ. ಆದರೆ ಇದು ಮೂಲತಃ ಶಾಖವನ್ನು ನಿಭಾಯಿಸುವ ಸಾಧನ. ಹೆಚ್ಚುವರಿ ಶಕ್ತಿ ಸಿಗುವುದು ಆ ಶಾಖವೇ ಎಂಜಿನ್ನನ್ನು ಕಟ್ಟಿಹಾಕಿದ್ದಾಗ ಮಾತ್ರ.

ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ, ಸೂಪರ್‌ಚಾರ್ಜರ್ ಅದನ್ನು 0.7 ಬಾರ್ ಬೂಸ್ಟ್‌ಗೆ ಅದುಮುತ್ತಿದೆ ಎಂದಿಟ್ಟುಕೊಳ್ಳೋಣ. ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲೂ ಇಷ್ಟು ಅದುಮಿದ ಗಾಳಿ ಸುಮಾರು 49 ಡಿಗ್ರಿ ಬಿಸಿಯೇರುತ್ತದೆ. ನಿಜವಾದ ಯಂತ್ರಗಳಲ್ಲಿ ಏರಿಕೆ ಇನ್ನೂ ಹೆಚ್ಚು. ಎರಡು ರೋಟರುಗಳು ತಿರುಗಿ ಗಾಳಿಯನ್ನು ತಳ್ಳುವ, ಶೇ 60ರಷ್ಟು ದಕ್ಷತೆಯ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್‌ನಿಂದ ಹೊರಬರುವ ಗಾಳಿ 110 ಡಿಗ್ರಿ ದಾಟಿರುತ್ತದೆ. ಶೇ 75ರಷ್ಟು ದಕ್ಷತೆಯ ಟ್ವಿನ್ ಸ್ಕ್ರೂ (ಜೋಡಿ ತಿರುಪು) ಅಥವಾ ಸೆಂಟ್ರಿಫ್ಯೂಗಲ್ (ವೇಗವಾಗಿ ತಿರುಗುವ ಅಲಗಿನ ಚಕ್ರದ) ಮಾದರಿಯಲ್ಲಿ ಅದು 95ರ ಆಸುಪಾಸಿನಲ್ಲಿರುತ್ತದೆ. ಅದುಮಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಈ ಬಿಸಿಯಲ್ಲಿ ದೊಡ್ಡ ಪಾಲು ಕಳೆಯುತ್ತದೆ. ಇಲ್ಲದಿದ್ದರೆ ಅಷ್ಟೂ ಬಿಸಿ ಸಿಲಿಂಡರಿಗೇ ಹೋಗುತ್ತದೆ.

ಬಿಸಿ ಗಾಳಿಯಿಂದ ಎರಡು ತೊಂದರೆಗಳಿವೆ. ಅದರ ಸಾಂದ್ರತೆ ಕಡಿಮೆಯಾಗಿ, ಅಷ್ಟೇ ಬೂಸ್ಟ್‌ನಲ್ಲಿ ಒಳಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಇದು ಚಿಕ್ಕ ತೊಂದರೆ. ದೊಡ್ಡದು ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಮೂಲೆಗಳನ್ನು ತಲುಪುವ ಮೊದಲೇ ಅಲ್ಲಿ ಉಳಿದಿರುವ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡ ಮತ್ತು ಬಿಸಿಗೆ ತಾನಾಗಿಯೇ ಸಿಡಿಯುತ್ತದೆ. ಬೂಸ್ಟ್ ಹೆಚ್ಚಿರುವ ಎಂಜಿನ್ನಿನಲ್ಲಿ ಇದು ಕೆಲವೇ ಸೆಕೆಂಡು ಮುಂದುವರಿದರೂ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆಯಬಹುದು. ಆದ್ದರಿಂದಲೇ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ನಾಕ್ ಸೆನ್ಸರಿನಿಂದ ಸದ್ದು ಕೇಳಿದೊಡನೆ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಕೊಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಕಡಿಮೆಯಾಗುತ್ತದೆ. ಕಾರನ್ನು ಮತ್ತೆ ಮತ್ತೆ ಪೂರ್ತಿ ವೇಗದಲ್ಲಿ ಓಡಿಸಿದಾಗ ಮೊದಲ ಓಟದ ಚುರುಕು ಮೂರನೆಯದರಲ್ಲಿ ಇರುವುದಿಲ್ಲ ಎಂದು ಸೂಪರ್‌ಚಾರ್ಜರ್ ಕಾರಿನವರು ಹೇಳುವುದುಂಟು. ಅದಕ್ಕೆ ಕಾರಣ ಬಹುತೇಕ ಇದೇ.

ಇಲ್ಲಿ ಮೆಥನಾಲ್-ನೀರಿನ ಮಿಶ್ರಣದ ಕೆಲಸ ಶುರುವಾಗುತ್ತದೆ. ದ್ರವ ಆವಿಯಾಗಲು ಬೇಕಾದ ಶಾಖವನ್ನು, ಅಂದರೆ ಗುಪ್ತೋಷ್ಣವನ್ನು, ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,250 ಕಿಲೋಜೌಲ್ ಬೇಕು; ಮೆಥನಾಲಿಗೆ ಸುಮಾರು 1,100 ಸಾಕು; ಪೆಟ್ರೋಲಿಗೆ ಸುಮಾರು 350 ಮಾತ್ರ. ಒಂದು ಕಿಲೋ ಗಾಳಿಗೆ 85 ಗ್ರಾಂ ಪೆಟ್ರೋಲ್ ಹೋಗುತ್ತಿದ್ದು, ಅದರ ಶೇ 15ರಷ್ಟು, ಅಂದರೆ 13 ಗ್ರಾಂನಷ್ಟು, ತೂಕದಲ್ಲಿ ಸಮಪಾಲಿನ ಮಿಶ್ರಣವನ್ನು ಸಿಂಪಡಿಸಿದರೆ ಅದು ಪೂರ್ತಿ ಆವಿಯಾಗುವಾಗ 22 ಕಿಲೋಜೌಲಿನಷ್ಟು ಶಾಖ ಹೀರುತ್ತದೆ. ಗಾಳಿಯ ಉಷ್ಣತೆ ಸುಮಾರು 22 ಡಿಗ್ರಿ ಇಳಿಯುತ್ತದೆ. ಇದು ಗರಿಷ್ಠ ಲೆಕ್ಕ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ದಾಟುವ ಅಲ್ಪ ಸಮಯದಲ್ಲಿ ಎಲ್ಲ ಹನಿಗಳೂ ಆವಿಯಾಗುವುದಿಲ್ಲ. ಹಾಗೆ ಉಳಿದ ಹನಿಗಳು ವ್ಯರ್ಥವಾಗುವುದೂ ಇಲ್ಲ. ಅವು ಸಿಲಿಂಡರಿನೊಳಗೆ, ಮಿಶ್ರಣವನ್ನು ಪಿಸ್ಟನ್ ಅದುಮುವಾಗ ಆವಿಯಾಗಿ, ನಾಕಿಂಗ್ ಹುಟ್ಟುವ ಜಾಗದಲ್ಲೇ ಅದನ್ನು ತಣಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯ ನಿಜವಾದ ಬೆಲೆ ಇರುವುದು ಈ ಎರಡನೆಯ ತಣಿವಿನಲ್ಲಿ. ಆದರೆ ಅದು ಯಾವ ಸೆನ್ಸರಿಗೂ ಕಾಣುವುದಿಲ್ಲ.

ತಣಿಸುವುದರಲ್ಲಿ ನೀರೇ ಮುಂದಿರುವಾಗ ಮೆಥನಾಲ್ ಏಕೆ ಎಂಬ ಪ್ರಶ್ನೆ ಸಹಜ. ಮೆಥನಾಲ್ 65 ಡಿಗ್ರಿಯಲ್ಲೇ ಕುದಿಯುವುದರಿಂದ ಬೇಗ ಆವಿಯಾಗುತ್ತದೆ. ಅದರ ಆಕ್ಟೇನ್ ಮಟ್ಟ, ಅಂದರೆ ನಾಕಿಂಗ್ ತಡೆಯುವ ಗುಣ, ಸಾಮಾನ್ಯ ಪೆಟ್ರೋಲಿಗಿಂತ ಹೆಚ್ಚು. ಚಳಿಯಲ್ಲಿ ಟ್ಯಾಂಕಿನ ನೀರು ಹೆಪ್ಪುಗಟ್ಟದಂತೆ ಅದು ತಡೆಯುತ್ತದೆ. ಜೊತೆಗೆ ಅದು ಸ್ವತಃ ಇಂಧನ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಮೆಥನಾಲಿಗೆ 6.4 ಕಿಲೋ ಸಾಕು. ಆದ್ದರಿಂದ ಮೆಥನಾಲ್ ಸೇರಿಸಿದಾಗ ಪೆಟ್ರೋಲಿನ ಪ್ರಮಾಣವನ್ನು ಇಳಿಸದಿದ್ದರೆ ಗಾಳಿಗೆ ಹೋಲಿಸಿದಾಗ ಇಂಧನ ಅತಿಯಾಗಿ, ಗಳಿಸಿದ ಶಕ್ತಿ ಅಲ್ಲೇ ಕಳೆದುಹೋಗುತ್ತದೆ. ಹಾಗೆಯೇ ನೀರಿನ ಪಾಲು ವಿಪರೀತವಾದರೆ ಜ್ವಾಲೆ ನಂದಿ ಎಂಜಿನ್ ಮಿಸ್ ಹೊಡೆಯುತ್ತದೆ. ಸಮಪಾಲಿನ ಮಿಶ್ರಣ ರೂಢಿಗೆ ಬಂದದ್ದು ಈ ಎರಡು ಅತಿಗಳನ್ನು ತಪ್ಪಿಸಲು.

ಈ ವಿದ್ಯೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಮೆಸ್ಸರ್‌ಶ್ಮಿಟ್ ಬಿಎಫ್ 109 ಯುದ್ಧವಿಮಾನದ ಡೈಮ್ಲರ್-ಬೆನ್ಜ್ ಡಿಬಿ 605 ಎಂಜಿನ್ನಿಗೆ ಎಂಡಬ್ಲ್ಯೂ 50 ಎಂಬ ಮಿಶ್ರಣವನ್ನು ಸಿಂಪಡಿಸುತ್ತಿದ್ದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೆಥನಾಲ್, ಅರ್ಧ ನೀರು, ಜೊತೆಗೆ ತುಕ್ಕು ತಡೆಯುವ ಎಣ್ಣೆ ಅತ್ಯಲ್ಪ ಪ್ರಮಾಣದಲ್ಲಿತ್ತು. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಳಸುವಂತಿರಲಿಲ್ಲ. ಆ ಎಂಜಿನ್ನಿನ ಸೂಪರ್‌ಚಾರ್ಜರ್ ಎಂಜಿನ್ನಿನಿಂದಲೇ ತಿರುಗುವಂಥದ್ದು. ಒಂದು ಎತ್ತರದವರೆಗೆ ಅದು ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಡಬಲ್ಲದಾಗಿತ್ತು, ಆದರೆ ನಾಕಿಂಗ್ ಭಯದಿಂದ ಅಷ್ಟನ್ನೂ ಬಳಸುವಂತಿರಲಿಲ್ಲ. ಮಿಶ್ರಣ ಸಿಂಪಡಿಸಿದಾಗ ಆ ಮೀಸಲು ಒತ್ತಡವನ್ನು ಬಳಸಲು ಅವಕಾಶವಾಗಿ ಶಕ್ತಿ ಏರುತ್ತಿತ್ತು. ಆ ಎತ್ತರವನ್ನು ದಾಟಿದ ಮೇಲೆ ಸೂಪರ್‌ಚಾರ್ಜರ್ ಬಳಿ ಕೊಡಲು ಹೆಚ್ಚಿನ ಒತ್ತಡವೇ ಉಳಿದಿರುತ್ತಿರಲಿಲ್ಲ. ಆಗ ಅದೇ ಮಿಶ್ರಣದಿಂದ ಸಿಗುವ ಲಾಭ ಬಹಳ ಇಳಿಯುತ್ತಿತ್ತು.

ಇಂದಿನ ಕಾರಿನ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಎಂಜಿನ್ನಿನ ಹೊಗೆಯಿಂದ ತಿರುಗುವ ಟರ್ಬೊ ಇರುವ ಕಾರಿನಲ್ಲಿ, ಆ ಹೊಗೆಯ ಒಂದು ಪಾಲನ್ನು ಬೇರೆಡೆ ಬಿಡುವ ವಾಲ್ವ್ ಆದ ವೇಸ್ಟ್‌ಗೇಟ್ ಹೊಂದಿಸಿ ಬೂಸ್ಟ್ ಏರಿಸಿಕೊಳ್ಳಬಹುದು. ಬೆಲ್ಟ್‌ನಿಂದ ತಿರುಗುವ ಸೂಪರ್‌ಚಾರ್ಜರ್‌ನ ಬೂಸ್ಟನ್ನು ನಿರ್ಧರಿಸುವುದು ಬೆಲ್ಟ್ ಸುತ್ತುವ ಗಾಲಿಯ, ಅಂದರೆ ಪುಲ್ಲಿಯ, ಅಳತೆ; ಅದು ಚಿಕ್ಕದಾದಷ್ಟೂ ಬೂಸ್ಟ್ ಹೆಚ್ಚು. ಪುಲ್ಲಿ ಬದಲಿಸದಿದ್ದರೆ ಮೆಥನಾಲ್ ಇಂಜೆಕ್ಷನ್‌ನಿಂದ ಬರುವ ಶಕ್ತಿ ಬಹುಪಾಲು ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತರುವುದರಿಂದಲೇ, ಅಂದರೆ ಕಿಡಿಯನ್ನು ಬೇಗ ಕೊಡುವುದರಿಂದಲೇ, ಬರಬೇಕು. ಎಂಜಿನ್ ಈಗಾಗಲೇ ಒಳ್ಳೆಯ ಪೆಟ್ರೋಲಿನಲ್ಲಿ, ನಾಕಿಂಗ್ ಇಲ್ಲದೆ, ಅತ್ಯುತ್ತಮ ಟೈಮಿಂಗಿನಲ್ಲೇ ಓಡುತ್ತಿದ್ದರೆ ಮುಂದಕ್ಕೆ ತರಲು ಏನೂ ಉಳಿದಿರುವುದಿಲ್ಲ. ಅಂಥ ಕಾರಿಗೆ ಕಿಟ್ ಹಾಕಿಸಿ, ಟ್ಯೂನ್ (ಇಸಿಯುವಿನ ಹೊಂದಾಣಿಕೆ) ಮುಟ್ಟದೆ ಓಡಿಸಿದವರಿಗೆ ಕಾರು ಒಂದಿಷ್ಟು ಮಂದವಾಯಿತೆಂದು ಅನ್ನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದ್ದರಿಂದ ಯಾವ ಸೂಪರ್‌ಚಾರ್ಜರ್ ಎಂಬುದು ಮುಖ್ಯವಾಗುತ್ತದೆ. ಇಂಟರ್‌ಕೂಲರ್ ಇಲ್ಲದ ರೂಟ್ಸ್ ಸೂಪರ್‌ಚಾರ್ಜರ್ ಎಂಜಿನ್ನಿನ ಮೇಲೆಯೇ ಕುಳಿತಿರುವ ಹಳೆಯ ವಿನ್ಯಾಸಗಳಲ್ಲಿ, ಇಂಟರ್‌ಕೂಲರ್ ಕೂರಿಸಲು ಜಾಗವೇ ಇಲ್ಲದ ಕಡೆ, ಈ ವ್ಯವಸ್ಥೆ ಹಾಕಿದ ಹಣಕ್ಕೆ ತಕ್ಕ ಫಲ ಕೊಡುತ್ತದೆ. ಅಲ್ಲಿ ಸೂಪರ್‌ಚಾರ್ಜರ್‌ಗೆ ಮೊದಲೇ ಸಿಂಪಡಿಸಿದರೆ ರೋಟರುಗಳೂ ತಣ್ಣಗಾಗುತ್ತವೆ. ಆದರೆ ರೋಟರಿನ ಲೇಪನ ಈ ದ್ರವವನ್ನು ತಾಳುತ್ತದೆಯೇ ಎಂದು ತಯಾರಕರನ್ನು ಕೇಳಿಯೇ ಮುಂದುವರಿಯಬೇಕು. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್‌ನ ಚಕ್ರ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವುದರಿಂದ ದಪ್ಪ ಹನಿಗಳು ಅದರ ಅಲಗುಗಳನ್ನು ಸವೆಸುತ್ತವೆ. ಅಲ್ಲಿ ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲಿಗೆ) ಮೊದಲು ಸಿಂಪಡಿಸುವುದೇ ಕ್ಷೇಮ. ಒಳ್ಳೆಯ ಇಂಟರ್‌ಕೂಲರ್ ಇರುವ, ಸಾಧಾರಣ ಬೂಸ್ಟ್‌ನ ಸೆಂಟ್ರಿಫ್ಯೂಗಲ್ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವವರಿಗೆ ಇದು ಬೇಕಿಲ್ಲ ಎಂದೇ ನಾನು ಹೇಳುತ್ತೇನೆ.

ಲಾಭವನ್ನು ಅಳೆಯುವಾಗ ಒಂದು ಎಚ್ಚರ ಅಗತ್ಯ. ನಾಝಲ್‌ನ ಮುಂದೆಯೇ ಗಾಳಿಯ ಉಷ್ಣತೆಯ ಸೆನ್ಸರ್ ಇದ್ದರೆ ಹನಿಗಳು ನೇರವಾಗಿ ಅದರ ಮೇಲೆ ಬೀಳುತ್ತವೆ. ಒದ್ದೆ ಮೈಗೆ ಗಾಳಿ ತಾಗಿದಾಗ ಇರುವುದಕ್ಕಿಂತ ಹೆಚ್ಚು ಚಳಿ ಅನ್ನಿಸುವ ಹಾಗೆ, ಒದ್ದೆಯಾದ ಸೆನ್ಸರ್ ಗಾಳಿಯ ನಿಜವಾದ ಉಷ್ಣತೆಗಿಂತ ಬಹಳ ಕಡಿಮೆ ತೋರಿಸುತ್ತದೆ. ನೋಡಿದವರು ಐವತ್ತು ಡಿಗ್ರಿ ಇಳಿಯಿತೆಂದು ಸಂತೋಷಪಡುತ್ತಾರೆ. ಇಸಿಯು ಕೂಡ ಅದನ್ನೇ ನಂಬಿ, ಗಾಳಿ ತಣ್ಣಗಿದೆಯೆಂದು ಟೈಮಿಂಗನ್ನು ಇನ್ನಷ್ಟು ಮುಂದಕ್ಕೆ ತರುತ್ತದೆ. ಅಪಾಯ ಇರುವುದು ಅಲ್ಲಿ. ಇನ್ನೊಂದು ವಿಷಯ, ಬಹುತೇಕ ಮ್ಯಾನಿಫೋಲ್ಡ್‌ಗಳು ಗಾಳಿ ಹಂಚಲು ರೂಪಿಸಿದವು, ದ್ರವ ಹಂಚಲು ಅಲ್ಲ. ಒಂದೇ ನಾಝಲ್ ಇದ್ದಾಗ ತಿರುವಿನಲ್ಲಿ ಹನಿಗಳು ಒಂದು ಬದಿಗೆ ಸರಿದು ಕೆಲವು ಸಿಲಿಂಡರುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಹೋಗುತ್ತದೆ. ಕಡಿಮೆ ಸಿಕ್ಕ ಸಿಲಿಂಡರೇ ಮೊದಲು ನಾಕ್ ಆಗುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ, ದ್ರವ ನಿಂತುಹೋದರೆ ಏನು ಎಂಬುದು. ಟ್ಯಾಂಕ್ ಖಾಲಿಯಾಗಬಹುದು, ನಾಝಲ್ ಕಟ್ಟಿಕೊಳ್ಳಬಹುದು, ಪಂಪು ಕೈಕೊಡಬಹುದು. ಟರ್ಬೊ ಕಾರಿನಲ್ಲಿ ಅಂಥ ಹೊತ್ತಿನಲ್ಲಿ ವೇಸ್ಟ್‌ಗೇಟ್ ತೆರೆಸಿ ಬೂಸ್ಟ್ ಇಳಿಸುವುದು ಸುಲಭ. ಸೂಪರ್‌ಚಾರ್ಜರ್ ಬೆಲ್ಟ್‌ಗೆ ಕಟ್ಟುಬಿದ್ದಿರುವುದರಿಂದ ರಕ್ಷಣೆ ಬೇರೆ ದಾರಿಯಲ್ಲಿ ಬರಬೇಕು: ದ್ರವದ ಹರಿವನ್ನು ಅಳೆಯುವ ಸೆನ್ಸರ್ ಇದ್ದು, ಹರಿವು ಕಡಿಮೆಯಾದೊಡನೆ ಇಸಿಯು ಸುರಕ್ಷಿತ ಟೈಮಿಂಗಿಗೆ ಮರಳಬೇಕು, ಇಲ್ಲವೇ ಥ್ರಾಟಲ್ ಮುಚ್ಚಬೇಕು, ಅಥವಾ ಅದುಮಿದ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ತೆರೆಯಬೇಕು. ಟ್ಯಾಂಕಿನ ಮಟ್ಟ ತೋರಿಸುವ ದೀಪವೊಂದೇ ಸಾಲದು, ಏಕೆಂದರೆ ತುಂಬಿದ ಟ್ಯಾಂಕಿನ ಮುಂದೆಯೂ ನಾಝಲ್ ಕಟ್ಟಿಕೊಂಡಿರಬಹುದು. ನಾಝಲ್ ಬಳಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಕೂಡ ಬೇಕು. ಇಲ್ಲದಿದ್ದರೆ, ಥ್ರಾಟಲ್ ದಾಟಿದ ಮೇಲೆ ಸಿಲಿಂಡರಿನ ಕಡೆ ಇರುವ ನಾಝಲ್ ಮೂಲಕ ಮ್ಯಾನಿಫೋಲ್ಡ್‌ನ ನಿರ್ವಾತ ಪಂಪು ನಿಂತಾಗಲೂ ದ್ರವವನ್ನು ಎಳೆದುಕೊಳ್ಳುತ್ತದೆ.

ಅಮೆರಿಕದ ಓಲ್ಡ್ಸ್‌ಮೊಬೈಲ್ 1962ರಲ್ಲಿ ಮಾರುಕಟ್ಟೆಗೆ ತಂದ ಜೆಟ್‌ಫೈರ್ ಕಾರು ಟರ್ಬೊ ಕಾರೇ ಆದರೂ ಇಲ್ಲಿ ನೆನೆಯತಕ್ಕದ್ದು. 3.5 ಲೀಟರಿನ ವಿ8 ಎಂಜಿನ್, 10.25ರ ಕಂಪ್ರೆಷನ್ ಅನುಪಾತ, ಅದರ ಮೇಲೆ ಬೂಸ್ಟ್. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲಿನ ಮಿಶ್ರಣ. ದ್ರವ ಮುಗಿದರೆ ಬೂಸ್ಟನ್ನು ತಡೆಯುವ ಏರ್ಪಾಡನ್ನು ತಯಾರಕರೇ ಕೊಟ್ಟಿದ್ದರು. ಆದರೆ ಮಾಲೀಕರು ಆ ಟ್ಯಾಂಕ್ ತುಂಬಿಸುವುದನ್ನು ಮರೆಯುತ್ತಿದ್ದರು, ಕಾರು ಎಳೆಯುತ್ತಿಲ್ಲವೆಂದು ದೂರುತ್ತಿದ್ದರು. ಎರಡೇ ಮಾದರಿ ವರ್ಷಗಳಲ್ಲಿ ಅದರ ಕಥೆ ಮುಗಿಯಿತು. ದಶಕಗಳ ನಂತರ ಬಿಎಂಡಬ್ಲ್ಯೂ ತನ್ನ ಎಂ4 ಜಿಟಿಎಸ್‌ನಲ್ಲಿ ಇದೇ ತತ್ತ್ವವನ್ನು ಬಳಸಿದಾಗ ಮೆಥನಾಲನ್ನು ಕೈಬಿಟ್ಟು ಬರೀ ನೀರನ್ನೇ ಆರಿಸಿಕೊಂಡಿತು.

ಮೆಥನಾಲಿನ ಜೊತೆ ಬದುಕುವುದು ಸುಲಭವಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ವಿಷ, ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಹಾಳುಮಾಡುತ್ತದೆ, ಚರ್ಮದ ಮೂಲಕವೂ ಒಳಸೇರುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ಅಲ್ಯುಮಿನಿಯಂ, ಮೆಗ್ನೀಷಿಯಂ ಮತ್ತು ಕೆಲವು ಬಗೆಯ ರಬ್ಬರನ್ನು ಅದು ತಿನ್ನುತ್ತದೆ. ಗಾಜು ತೊಳೆಯುವ ದ್ರವದ ಟ್ಯಾಂಕನ್ನೇ ಇದಕ್ಕೂ ಬಳಸುವ ಪದ್ಧತಿ ಇದೆ. ಆದರೆ ಅಂಗಡಿಯ ವಾಷರ್ ದ್ರವದಲ್ಲಿ ಸೋಪು, ಬಣ್ಣ ಸೇರಿರಬಹುದು, ಮೆಥನಾಲ್ ಎಷ್ಟಿದೆಯೆಂದು ಖಚಿತವಾಗಿ ತಿಳಿಯದಿರಬಹುದು. ಎಂಜಿನ್ನಿನ ಟ್ಯೂನ್ ಅವಲಂಬಿಸಿರುವ ದ್ರವದಲ್ಲಿ ಅಂಥ ಅನಿಶ್ಚಯ ಸಲ್ಲದು.

ನಿರ್ಧರಿಸುವ ಮೊದಲು ಮಾಡಬೇಕಾದ ಕೆಲಸ ಖರ್ಚಿನದಲ್ಲ. ಕಾರಿನ ಡಯಾಗ್ನಾಸ್ಟಿಕ್ ಪೋರ್ಟಿಗೆ ಲಾಗರ್ ಜೋಡಿಸಿ, ಸುರಕ್ಷಿತವಾದ ಟ್ರ್ಯಾಕಿನಲ್ಲಿ ಅಥವಾ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ, ಪೂರ್ತಿ ಥ್ರಾಟಲ್‌ನ ಓಟಗಳನ್ನು ಬೆನ್ನುಬೆನ್ನಿಗೆ ದಾಖಲಿಸಬೇಕು. ಓಟದಿಂದ ಓಟಕ್ಕೆ ಗಾಳಿಯ ಉಷ್ಣತೆ ಏರುತ್ತಿದ್ದು, ಇಸಿಯು ಟೈಮಿಂಗನ್ನು ಹಿಂದೆಳೆಯುತ್ತಿದ್ದರೆ ಮೆಥನಾಲ್ ಇಂಜೆಕ್ಷನ್‌ಗೆ ಮಾಡಲು ಕೆಲಸವಿದೆ. ಆಗಲೂ ಮೊದಲು ಇಂಟರ್‌ಕೂಲರಿನ ಪಂಪು, ಕೂಲಂಟ್, ರೇಡಿಯೇಟರುಗಳು ಸರಿಯಿವೆಯೇ ಎಂದು ನೋಡಬೇಕು. ಹಾಕಿಸಿದ ಮೇಲೆ ಟ್ಯೂನ್ ಮಾಡುವವರಿಗೆ ಒಂದು ಷರತ್ತು ಹಾಕುವುದು ಒಳ್ಳೆಯದು: ದ್ರವವಿಲ್ಲದೆಯೂ ಎಂಜಿನ್ ಒಂದು ಪೂರ್ತಿ ಓಟವನ್ನು ಹಾನಿಯಿಲ್ಲದೆ ಮುಗಿಸಬಲ್ಲಷ್ಟು ಟೈಮಿಂಗನ್ನು ಮಾತ್ರ ಮುಂದಕ್ಕೆ ತರಬೇಕು, ಪುಲ್ಲಿಯನ್ನೂ ಆ ಮಿತಿ ದಾಟುವಷ್ಟು ಚಿಕ್ಕದು ಮಾಡಬಾರದು.